ಒಳಗಿದ್ದುಕೊಂಡೇ ಕ್ಷೀರಪಥದ ಆಕಾರವನ್ನು ಅರಿತದ್ದು ಹೇಗೆ?

ಪ್ರಶ್ನೆ: ನಾವು ಕ್ಷೀರಪಥ ಗೆಲಾಕ್ಸಿಯ ಒಳಗೇ ಇದ್ದೇವೆ. ಹಾಗಾದರೆ ಪುಸ್ತಕಗಳಲ್ಲಿ ಕಾಣುವ, ಸುರುಳಿ ಬಾಹುಗಳುಳ್ಳ ಅದರ ಚಿತ್ರವನ್ನು ಎಲ್ಲಿಂದ ತೆಗೆದರು?

ಉತ್ತರ: ಅದು ಕ್ಯಾಮೆರಾದಿಂದ ತೆಗೆದ ಚಿತ್ರವಲ್ಲ, ಅಳತೆಗಳನ್ನು ಆಧರಿಸಿ ಕಲಾವಿದರು ಬರೆದದ್ದು. ಈ ಮಾತನ್ನು ಚಿತ್ರದ ಕೆಳಗೇ ಅಚ್ಚು ಮಾಡುವುದು ಒಳ್ಳೆಯದು. ಗೆಲಾಕ್ಸಿಯ ವ್ಯಾಸ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಅಂದರೆ ಅದನ್ನು ದಾಟಲು ಬೆಳಕಿಗೇ ಸುಮಾರು 1 ಲಕ್ಷ ವರ್ಷ ಬೇಕು. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಈವರೆಗೆ ತಲುಪಿರುವ ದೂರವನ್ನು ಬೆಳಕು ಸುಮಾರು ಒಂದೇ ದಿನದಲ್ಲಿ ದಾಟುತ್ತದೆ. ಹಾಗಾಗಿ ಗೆಲಾಕ್ಸಿಯ ಹೊರಗೆ ಹೋಗಿ ಅದರ ಚಿತ್ರ ತೆಗೆಯುವುದು ಸಾಧ್ಯವಾಗಿಲ್ಲ.

ಆಕಾರದ ಮೊದಲ ಸುಳಿವು ಬರಿಗಣ್ಣಿಗೇ ಸಿಗುತ್ತದೆ. ತೆಳುವಾದ ತಟ್ಟೆಯೊಳಗಿರುವ ನಾವು ಅದರ ಅಂಚಿನತ್ತ ನೋಡಿದಾಗ ನಕ್ಷತ್ರಗಳು ಒತ್ತೊತ್ತಾಗಿ ಕಾಣುತ್ತವೆ, ಮೇಲಕ್ಕೋ ಕೆಳಕ್ಕೋ ನೋಡಿದಾಗ ವಿರಳವಾಗುತ್ತವೆ. ಹಾಗಾಗಿಯೇ ಕ್ಷೀರಪಥ, ಅಂದರೆ ಆಕಾಶಗಂಗೆ, ನಮಗೆ ಪಟ್ಟಿಯಂತೆ ತೋರುತ್ತದೆ. ಚಂದ್ರನಿಲ್ಲದ ಇರುಳಲ್ಲಿ ದಿಟ್ಟಿಸಿದರೆ ರಾಜಹಂಸ ನಕ್ಷತ್ರಪುಂಜದಿಂದ ಧನು ರಾಶಿಯ ಕಡೆಗೆ ಆ ಪಟ್ಟಿಯನ್ನು ಸೀಳಿದಂತೆ ಕಪ್ಪು ಬಿರುಕೊಂದು ಕಾಣುತ್ತದೆ. ಅಲ್ಲಿ ನಕ್ಷತ್ರಗಳಿಲ್ಲವೆಂದಲ್ಲ, ದೂಳಿನ ಮೋಡಗಳು ಅವುಗಳನ್ನು ಮರೆಮಾಡಿವೆ.

ಒಳಗಿರುವವರಿಗೆ ನಿಜವಾದ ತೊಡಕು ಈ ದೂಳೇ. 1785ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ದಿಕ್ಕುದಿಕ್ಕಿನ ನಕ್ಷತ್ರಗಳನ್ನು ಎಣಿಸಿ ಸೂರ್ಯ ಬಹುತೇಕ ನಡುವಿನಲ್ಲಿದ್ದಾನೆಂದು ತೀರ್ಮಾನಿಸಿದರು. ದಟ್ಟ ಮಂಜಿನಲ್ಲಿ ನಿಂತವನಿಗೆ ಸುತ್ತಲೂ ಒಂದೇ ದೂರದವರೆಗೆ ಕಾಣುವುದರಿಂದ ತಾನೇ ಮಧ್ಯದಲ್ಲಿರುವಂತೆ ಅನಿಸುತ್ತದಲ್ಲ, ಇದೂ ಹಾಗೆಯೇ. ಈ ಭ್ರಮೆಯಿಂದ ಹೊರಬರಲು ಖಗೋಳವಿಜ್ಞಾನಿ ಹಾರ್ಲೋ ಶಾಪ್ಲೀ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯದು. ತಟ್ಟೆಯ ದೂಳಿನಿಂದಾಚೆ, ಮೇಲೂ ಕೆಳಗೂ ಹರಡಿರುವ ಗೋಳಾಕಾರದ ನಕ್ಷತ್ರಗುಚ್ಛಗಳ ದೂರವನ್ನು ಅವರು ಅಳೆದರು. ಅವು ನಮ್ಮ ಸುತ್ತ ಸಮನಾಗಿ ಹರಡಿರಲಿಲ್ಲ, ಧನು ರಾಶಿಯತ್ತ ಗುಂಪುಗೂಡಿದ್ದವು. ಗೆಲಾಕ್ಸಿಯ ಕೇಂದ್ರ ಆ ಕಡೆಗಿದೆ ಎಂದು 1918ರಲ್ಲಿ ಅವರು ತೋರಿಸಿದರು. ಅವರು ಲೆಕ್ಕಹಾಕಿದ ದೂರ ಅತಿಯಾಗಿತ್ತಾದರೂ ದಿಕ್ಕು ಸರಿಯಾಗಿತ್ತು. ಇಂದಿನ ಅಳತೆಯಂತೆ ನಾವು ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದೇವೆ.

ಬಾಹುಗಳನ್ನು ಗುರುತಿಸಲು ದೂಳನ್ನು ತೂರಿ ಬರುವ ಅಲೆಗಳೇ ಬೇಕಾದವು. ಹೈಡ್ರೋಜನ್ ಅನಿಲ ಹೊಮ್ಮಿಸುವ 21 ಸೆಂಟಿಮೀಟರ್ ರೇಡಿಯೊ ಅಲೆ 1951ರಲ್ಲಿ ಪತ್ತೆಯಾಯಿತು. ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದಕ್ಕೆ ತಕ್ಕಂತೆ ಆ ಅಲೆಯ ಉದ್ದ ತುಸು ಬದಲಾಗುವುದರಿಂದ, ಅದನ್ನು ಗೆಲಾಕ್ಸಿ ಸುತ್ತುವ ಬಗೆಯೊಡನೆ ಹೋಲಿಸಿ ಯಾವ ಮೋಡ ಎಲ್ಲಿದೆ ಎಂದು ಅಂದಾಜಿಸಬಹುದು.

ಹತ್ತಿರದ ಭಾಗದ ನಕ್ಷೆ ಈಗ ಬಹಳ ನಿಖರವಾಗಿದೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಸರಿದಂತೆ ಕಾಣುತ್ತದೆ; ಅದು ಹತ್ತಿರವಿದ್ದಷ್ಟೂ ಈ ಸರಿತ ಹೆಚ್ಚು. 2013ರಲ್ಲಿ ಉಡಾಯಿಸಲಾದ ಗಾಯಾ ಉಪಗ್ರಹವು ಭೂಮಿಯೊಡನೆ ಸೂರ್ಯನನ್ನು ಸುತ್ತುತ್ತ, ನಕ್ಷತ್ರಗಳ ಇಂಥದೇ ಸರಿತವನ್ನು ಅಳೆದು ಕೋಟ್ಯಂತರ ನಕ್ಷತ್ರಗಳ ದೂರವನ್ನು ಕೊಟ್ಟಿದೆ. ಆದರೆ 2025ರಲ್ಲಿ ಕೆಲಸ ಮುಗಿಸಿದ ಅದು ನೋಡಿದ್ದು ಕಣ್ಣಿಗೆ ಕಾಣುವ ಬೆಳಕನ್ನೇ; ಕೇಂದ್ರದಾಚೆಗಿನ ಭಾಗಕ್ಕೆ ಇಂದಿಗೂ ರೇಡಿಯೊ ಅಲೆಗಳೇ ಮುಖ್ಯ ಆಧಾರ. 2017ರಲ್ಲಿ ಇದೇ ಸರಿತದ ವಿಧಾನವನ್ನು ರೇಡಿಯೊ ದೂರದರ್ಶಕಗಳಿಂದ ಬಳಸಿ, ಕೇಂದ್ರದ ಆಚೆ 66,000 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ತಾಣವೊಂದನ್ನು ಅಳೆಯಲಾಯಿತು.