ಬಳ್ಳಾರಿಯಲ್ಲಿ ಮನೆ ಬೆಲೆ ಸಂಬಳಕ್ಕಿಂತ ಬೇಗ ಏರುವುದೇಕೆ?

ದುಬಾರಿಯಾಗುತ್ತಿರುವುದು ಮುಖ್ಯವಾಗಿ ನೆಲ. ಗೋಡೆ, ಛಾವಣಿ ಹಳತಾದಂತೆ ಬೆಲೆ ಕಳೆದುಕೊಳ್ಳುತ್ತವೆ. ಬೇಡಿಕೆ ಬಂದರೆ ತೋರಣಗಲ್ಲಿನ ಕಾರ್ಖಾನೆ ಇನ್ನಷ್ಟು ಉಕ್ಕು ತಯಾರಿಸಬಹುದು. ಬಳ್ಳಾರಿಯ ಗಾಂಧಿನಗರದಲ್ಲಿ ಇನ್ನೊಂದು ನಿವೇಶನವನ್ನು ಯಾರೂ ತಯಾರಿಸಲಾರರು. ಊರಾಚೆಯ ಎರೆಹೊಲವನ್ನು ಬಡಾವಣೆ ಮಾಡಬಹುದು, ನಿಜ. ಆದರೆ ಅದಕ್ಕೆ ಭೂ ಪರಿವರ್ತನೆಯ ಅನುಮತಿ, ರಸ್ತೆ, ನೀರು ಎಲ್ಲವೂ ಬೇಕು.

ಈ ಸೀಮಿತ ನೆಲಕ್ಕೆ ಜನ ಕೊಡಬಲ್ಲ ಬೆಲೆ ಸಂಬಳದ ಜೊತೆಗೆ ಸಾಲದ ಬಡ್ಡಿಯನ್ನೂ ಅವಲಂಬಿಸಿದೆ. ಲೆಕ್ಕ ನೋಡಿ: ತಿಂಗಳಿಗೆ 10,000 ರೂಪಾಯಿ ಕಂತು ಕಟ್ಟಬಲ್ಲವರಿಗೆ 20 ವರ್ಷದ ಅವಧಿಗೆ, ಶೇ 12ರ ಬಡ್ಡಿಯಲ್ಲಿ ಸುಮಾರು 9 ಲಕ್ಷ ಸಾಲ ಸಿಗುತ್ತದೆ. ಬಡ್ಡಿ ಶೇ 8ಕ್ಕೆ ಇಳಿದರೆ ಅದೇ ಕಂತಿಗೆ ಸುಮಾರು 12 ಲಕ್ಷ. ಸಂಬಳ ಒಂದು ರೂಪಾಯಿಯೂ ಏರಿಲ್ಲ, ಕೊಳ್ಳುವ ಶಕ್ತಿ ಮಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚಿತು. ಈ ಶಕ್ತಿ ನಿಮಗಷ್ಟೇ ಅಲ್ಲ, ನಿಮ್ಮೊಡನೆ ಪೈಪೋಟಿಗಿಳಿದ ಎಲ್ಲರಿಗೂ ಬಂದಿರುತ್ತದೆ. ಹಾಗಾಗಿ ಆ ಹೆಚ್ಚುವರಿ ಹಣ ಬಹುಪಾಲು ಮಾರುವವನ ಜೇಬಿಗೇ ಹೋಗುತ್ತದೆ.

ಇದರ ಮೇಲೆ, ಸಂಬಳವನ್ನೇ ನೆಚ್ಚದ ಕೊಳ್ಳುವವರೂ ಇದ್ದಾರೆ. ಅದಿರಿನ ಲಾಭ, ಮಾರಿದ ಹೊಲದ ಹಣ ಹಿಡಿದು ಬಂದವರೊಡನೆ ಶಾಲಾ ಶಿಕ್ಷಕರೊಬ್ಬರು ಹೇಗೆ ಸ್ಪರ್ಧಿಸಿಯಾರು?

2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಂತಹ ಸಂದರ್ಭದಲ್ಲಿ ಕೂಲಿ ತಕ್ಷಣ ನಿಲ್ಲುತ್ತದೆ. ಆದರೆ ಸಾಲವಿಲ್ಲದ ನಿವೇಶನದ ಮಾಲೀಕನಿಗೆ ಮಾರುವ ಅವಸರವಿಲ್ಲ; ಅವನು ಬೆಲೆ ಇಳಿಸದೆ ಸುಮ್ಮನೆ ಕಾಯುತ್ತಾನೆ.