ಸಂಪಾದಕರ ಉತ್ತರ: ಭಾಗವತರಿಲ್ಲದ ತಾಳಮದ್ದಳೆ

ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ, ಶಿರಸಿ ಸಮೀಪದ ಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: 'ಪ್ರತಿ ಸೋಮವಾರ 11 ಜನರ ಆನ್‌ಲೈನ್ ಸಭೆ, ಒಂದೂವರೆ ಗಂಟೆ. ಮಾತನಾಡುವವರು ಇಬ್ಬರೇ; ಉಳಿದವರ ಕ್ಯಾಮೆರಾ ಬಂದ್. ಮುಂದಿನ ತಿಂಗಳಿನಿಂದ ಸಭೆ ನಡೆಸುವ ಹೊಣೆ ನನ್ನದು. ಕ್ಯಾಮೆರಾ ಕಡ್ಡಾಯ ಮಾಡಲೇ? ಮಳೆಗೆ ನನ್ನದೇ ನೆಟ್‌ವರ್ಕ್ ಹೋದರೆ ಏನು ಗತಿ?'

ಪ್ರಿಯ ಓದುಗರೇ,

11 ಜನರ ಒಂದೂವರೆ ಗಂಟೆ ಎಂದರೆ ಹದಿನಾರೂವರೆ ಗಂಟೆ. ಒಬ್ಬ ನೌಕರನ ಎರಡು ದಿನದ ದುಡಿಮೆ. ಎರಡಾಳಿನ ಕೂಲಿ ಕೊಟ್ಟ ದಿನ, ಸಂಜೆ ತೋಟದಿಂದ ಎಷ್ಟು ಅಡಿಕೆ ಕೊನೆ ಇಳಿಯಿತೆಂದು ನಿಮ್ಮ ಮನೆಯಲ್ಲಿ ಕೇಳದೆ ಬಿಡುತ್ತಾರೆಯೇ?

ನೀವು ತಾಳಮದ್ದಳೆಯ, ಅಂದರೆ ಕುಣಿತವಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನದ ಸೀಮೆಯವರು. ಪಾತ್ರಗಳ ಮಾತನಾಡುವ ಅರ್ಥಧಾರಿಗಳು ಎಷ್ಟೇ ಮಾತುಗಾರರಿರಲಿ, ಪ್ರಸಂಗ ಎಂದರೆ ಅಂದಿನ ಕಥೆ ಯಾವುದು, ಯಾರ ಪಾತ್ರ ಯಾವುದು ಎಂಬುದು ಕೂಡುವ ಮೊದಲೇ ಗೊತ್ತಿರುತ್ತದೆ. ಮಾತು ಲಂಬಿಸಿದರೆ, ಕಥೆಯನ್ನು ಹಾಡಿ ನಡೆಸುವ ಭಾಗವತರು ತಾಳ ಹಿಡಿದು ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಅವರನ್ನು ಒಂದನೇ ವೇಷ ಎನ್ನುವುದು ಸುಮ್ಮನೆ ಅಲ್ಲ. ನಿಮ್ಮ ಸೋಮವಾರಕ್ಕೆ ಪ್ರಸಂಗವೂ ಇಲ್ಲ, ಭಾಗವತರೂ ಇಲ್ಲ.

ಪ್ರಸಂಗವನ್ನು ಶುಕ್ರವಾರವೇ ಬರೆದು ಕಳಿಸಿ, ಅದೂ ಪ್ರಶ್ನೆಯ ರೂಪದಲ್ಲಿ. 'ಗ್ರಾಹಕರ ದೂರುಗಳ ಕುರಿತು ಚರ್ಚೆ' ಎಂದರೆ ಯಾರೂ ತಯಾರಾಗಿ ಬರುವುದಿಲ್ಲ. 'ಈ ತಿಂಗಳ ದೂರುಗಳಿಗೆ ಉತ್ತರಿಸುವವರು ಯಾರು?' ಎಂದರೆ ಹೆಸರು ಬೀಳುವ ಭಯಕ್ಕಾದರೂ ಯೋಚಿಸಿಕೊಂಡು ಬರುತ್ತಾರೆ. ಪ್ರಶ್ನೆಯೇ ಹುಟ್ಟದ ವಾರ ಸಭೆ ಬೇಡ. ವರದಿ ಓದಿಸುವುದಕ್ಕಂತೂ ಜನರನ್ನು ಕೂರಿಸಬೇಡಿ. ಓದಲು ಎಲ್ಲರಿಗೂ ಬರುತ್ತದೆ.

ಇನ್ನು ಆ ಒಂಬತ್ತು ಜನರ ಮೌನ. ಅದೆಲ್ಲವೂ ಸೋಮಾರಿತನವಲ್ಲ. ಎದುರುಬದುರಿನ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡ್. ಧ್ವನಿ ಆ ಕಡೆ ತಲುಪುವುದಕ್ಕೇ ಅಷ್ಟು ಹೊತ್ತು ಹಿಡಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. 'ನೀವು ಹೇಳಿ', 'ಇಲ್ಲ, ನೀವೇ ಹೇಳಿ'. ಮರ್ಯಾದಸ್ಥರು ಎರಡು ಸಲಕ್ಕೆ ಸುಮ್ಮನಾಗುತ್ತಾರೆ. ಉಳಿಯುವುದು ಆ ಇಬ್ಬರೇ. ಆದ್ದರಿಂದ 'ಯಾರಿಗಾದರೂ ಏನಾದರೂ ಹೇಳುವುದಿದೆಯೇ?' ಎಂದು ಗಾಳಿಗೆ ಕೇಳದೆ, ಹೆಸರು ಹಿಡಿದು ಕರೆಯಿರಿ. ನೆಟ್‌ವರ್ಕ್ ದುರ್ಬಲವಾಗಿರುವವರನ್ನು ಮೊದಲು ಕರೆಯಿರಿ. ನಮ್ಮ ಸಂಪಾದಕೀಯ ಸಭೆಯಲ್ಲೊಮ್ಮೆ ಕಾರವಾರದ ವರದಿಗಾರರು ಎದುರಾಡಲಿಲ್ಲವೆಂದು ಎರಡು ಪುಟದ ಲೇಖನವನ್ನು ಅವರ ತಲೆಗೆ ಕಟ್ಟಿದೆವು. ಅವರ ಕರೆ ಅದಕ್ಕೂ ಮೊದಲೇ ಕಡಿದುಹೋಗಿತ್ತು. ಮೌನ ಸಮ್ಮತಿಯ ಲಕ್ಷಣ ಎಂದವರ ಕಾಲದಲ್ಲಿ ಟವರ್ ಇರಲಿಲ್ಲ.

ಕ್ಯಾಮೆರಾ ಕಡ್ಡಾಯ ಬೇಡ. ವಿಡಿಯೊ ಸಭೆಯ ದಣಿವಿನ ಬಗ್ಗೆ 2021ರಲ್ಲಿ ಬರೆದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್, ತನ್ನ ಮುಖವನ್ನು ತಾನೇ ನೋಡುತ್ತ ಕೂರುವುದನ್ನೂ ಅದರ ಕಾರಣಗಳಲ್ಲಿ ಸೇರಿಸಿದ್ದಾರೆ. ಆರಂಭದ ನಮಸ್ಕಾರಕ್ಕೆ ಮುಖ ಕಂಡರೆ ಸಾಕು. ಧ್ವನಿಗೆ ಬೇಕಾಗುವ ಡೇಟಾ ವಿಡಿಯೊಗೆ ಬೇಕಾಗುವುದರ ಒಂದು ಸಣ್ಣ ಪಾಲು. ಘಟ್ಟದ ಮೇಲೆ ಆಷಾಢದಲ್ಲಿ ಇದು ದೊಡ್ಡ ಮಾತು.

ಮಳೆಗೆ ಪೂರ್ತಿ ಮದ್ದಿಲ್ಲ. ರೌಟರ್‌ಗೆ ಇನ್ವರ್ಟರ್ ಸಂಪರ್ಕ ಕೊಡಿಸಬಹುದು, ಆದರೆ ಮರ ಬಿದ್ದು ಕೇಬಲ್ ಹರಿದರೆ ಇನ್ವರ್ಟರ್ ಏನು ಮಾಡೀತು? ಬೆಂಗಳೂರಿನಲ್ಲಿರುವ ಒಬ್ಬರನ್ನು ಸಹ ನಿರ್ವಾಹಕರನ್ನಾಗಿ ಮಾಡಿ, ಪ್ರಶ್ನೆಗಳ ಪಟ್ಟಿಯನ್ನು ಅವರಿಗೂ ಕೊಟ್ಟಿರಿ; ನೀವು ಮರಳುವವರೆಗೆ ಪದ ಅವರು ಹೇಳುತ್ತಾರೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಕೂಗಾಡಬೇಡಿ, ಬರೆದು ತಿಳಿಸಿ. ಯಾರು, ಏನು, ಯಾವ ದಿನದೊಳಗೆ ಎಂಬ ತೀರ್ಮಾನವನ್ನಂತೂ ಎಲ್ಲರೂ ಇರುವಾಗಲೇ ಬರೆದು ತೋರಿಸಿ, ಆಮೇಲೆ ಮಂಗಳ.

ಮಾತನಾಡುವ ಆ ಇಬ್ಬರಲ್ಲಿ ಒಬ್ಬರು ನಿಮ್ಮ ಮೇಲಧಿಕಾರಿ ಎಂದು ನೀವು ಬರೆದಿಲ್ಲ. ಪತ್ರದ ಸಂಕೋಚ ನೋಡಿ ನನಗೆ ಹಾಗೆನಿಸಿತು. ಅವರು ಮೊದಲು ಮಾತನಾಡಿದರೆ ಉಳಿದವರಿಗೆ ತಲೆಯಾಡಿಸುವುದಷ್ಟೇ ಕೆಲಸ. ಶುಕ್ರವಾರದ ಪತ್ರದಲ್ಲಿ ಮಾತಿನ ಸರದಿಯನ್ನೂ ಬರೆದು, ಅವರ ಹೆಸರನ್ನು ಕಟ್ಟಕಡೆಗೆ, 'ತೀರ್ಮಾನ' ಎಂಬ ಪದದ ಎದುರು ಹಾಕಿಬಿಡಿ. ಗೌರವ ಕೊಟ್ಟರೆಂದು ಅವರು ಖುಷಿಪಡುತ್ತಾರೆ.

– ಸಂ.