ಹಳೆ ಹಿತ್ತಾಳೆ ಬರ್ನರ್ ತೊಳೆಯೋದಕ್ಕೆ ಯಾವ ಟಂಬ್ಲರ್ ತಗೊಳ್ಳಲಿ, ಒಣದೋ ಒದ್ದೆಯದೋ?

ಅಟ್ಟದಲ್ಲಿ ಸಿಕ್ಕ ಸೀಮೆಎಣ್ಣೆ ದೀಪದ ಬರ್ನರ್‌ಗಳು, ಕಿಲುಬು ಹಿಡಿದಿವೆ, ಉಜ್ಜಿ ಉಜ್ಜಿ ಕೈ ಸೋತಿದೆ, ಈಗ ಟಂಬ್ಲರ್ ಬೇಕು, ಅಂದರೆ ಸಾಮಾನನ್ನು ನುಚ್ಚಿನಲ್ಲೋ ಪಿನ್ನಿನಲ್ಲೋ ಹಾಕಿ ಹೊರಳಾಡಿಸಿ ತೊಳೆಯುವ ಮೆಷಿನ್. ನಿಮ್ಮ ಪ್ರಶ್ನೆ ಇಷ್ಟೇ ತಾನೇ? ನಾನೂ ಇಲ್ಲಿಂದಲೇ ಶುರು ಮಾಡಿದ್ದು.

ನನ್ನ ಕೈಗೆ ಬಂದದ್ದು 36. ಮೂಡಿಗೆರೆ ಕಡೆಯ ಒಂದು ಹಳೆ ಎಸ್ಟೇಟ್ ಬಂಗಲೆಯವು. ಬಂಗಲೆಯನ್ನು ಹೋಂಸ್ಟೇ ಮಾಡುತ್ತಿದ್ದ ಗೌಡ್ರು, 'ಮಳೆ ಮುಗಿಯೋದ್ರೊಳಗೆ ಹೊಸದರ ಹಾಗೆ ಮಾಡ್ಕೊಡಪ್ಪ, ದಸರಾ ರಜೆಗೆ ಜನ ಬರ್ತಾರೆ' ಅಂದರು. ನಮ್ಮ ಮನೆ ಸಕಲೇಶಪುರದ ಹತ್ತಿರ. ಮೇ ತಿಂಗಳಲ್ಲಿ ಚೀಲ ತಂದೆ.

ವಿಡಿಯೊ ಹುಡುಕಿದರೆ ಬರುವುದೆಲ್ಲ ಅಮೆರಿಕದವರದ್ದು. ಬಂದೂಕಿನ ಖಾಲಿ ತೋಟಾ ತೊಳೆದು ಮತ್ತೆ ತುಂಬುವವರು. (ತೋಟ ಅಲ್ಲ, ತೋಟಾ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಲೇಬೇಕು.) ಆ ತೋಟಾ ಸಾಮಾನ್ಯವಾಗಿ 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆ. ತೆಳ್ಳನೆ ಹಾಳೆಯನ್ನು ಬಿಸಿ ಮಾಡದೆ ಒತ್ತಿ, ಎಳೆದು ಕೊಳವೆ ಮಾಡಿರುತ್ತಾರೆ. ಬರ್ನರ್ ಕೂಡ ಹಾಗೇ ಒತ್ತಿ ಮಾಡಿದ ತೆಳು ಹಾಳೆ. ಅವರಿಗೆ ನಡೆದದ್ದು ನಮಗೂ ನಡೆಯುತ್ತೆ ಅಂದುಕೊಂಡೆ.

ಅವರಲ್ಲಿ ಎರಡು ಪಂಗಡ. ಒಂದು ಒಣ ಪಂಗಡ: ನಡುಗುವ ಬೋಗುಣಿ, ಅದರೊಳಗೆ ಅಕ್ರೋಟು ಚಿಪ್ಪಿನ ನುಚ್ಚು ಅಥವಾ ಮುಸುಕಿನ ಜೋಳದ ಬೆಂಡಿನ ನುಚ್ಚು. ಅಕ್ರೋಟು ಕೊಳೆ ಕೀಳುತ್ತೆ, ಬೆಂಡು ಹೊಳಪು ಕೊಡುತ್ತೆ. ಧೂಳು ಜಾಸ್ತಿ, ಒಳಭಾಗ ಅಷ್ಟಾಗಿ ಶುಚಿಯಾಗುವುದಿಲ್ಲ. ಇನ್ನೊಂದು ಒದ್ದೆ ಪಂಗಡ: ತಿರುಗುವ ಡ್ರಮ್ಮು, ನೀರು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಸಿಡ್), ಜೊತೆಗೆ ಸಣ್ಣ ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ಪಿನ್ನುಗಳು. ಎರಡು ಮೂರು ಗಂಟೆಯಲ್ಲಿ ಒಳಗೂ ಹೊರಗೂ ಬಂಗಾರ.

ನಾನು ಒದ್ದೆ ಪಂಗಡ ಸೇರಿದೆ. ಹಾಸನದ ಲೇತ್ ಅಂಗಡಿಗೆ ಹೋಗಿ ಟಂಬ್ಲರ್ ಮಾಡಿಕೊಡಿ ಅಂದರೆ ಮೇಸ್ತ್ರಿ, 'ಲೋಟಕ್ಕೆ ಪಾತ್ರೆ ಅಂಗಡಿಗೆ ಹೋಗಿ ಸಾರ್' ಅಂದ. ಕೊನೆಗೆ ಹಳೆ ಗ್ರೈಂಡರಿನ ಮೋಟಾರು, ಆರು ಇಂಚಿನ ಪಿವಿಸಿ ಪೈಪು ಸೇರಿಸಿ ಅವನೇ ಮಾಡಿಕೊಟ್ಟ. ಕೆಲಸವೂ ಚೆನ್ನಾಗಿಯೇ ಆಯಿತು. ಬರ್ನರಿನ ಜಾಲರಿ ತೂತುಗಳಲ್ಲಿ ಪಿನ್ನು ಸಿಕ್ಕಿಕೊಂಡು, ಸೂಜಿ ಹಿಡಿದು ಒಂದೊಂದೇ ಕೀಳುವ ಗೋಳು ಬೇರೆ. ಒಂದು ಸಲ ಹುಳಿ ಜಾಸ್ತಿ ಹಾಕಿ ರಾತ್ರಿಯಿಡೀ ಬಿಟ್ಟೆ, ಬೆಳಗ್ಗೆ ನೋಡಿದರೆ ಹಿತ್ತಾಳೆ ತಾಮ್ರದ ಹಾಗೆ ಕೆಂಪಗಾಗಿತ್ತು. ಅಮ್ಮ ನೋಡಿ, 'ಹುಣಸೆಹಣ್ಣು ಹಚ್ಚಿ ಮರೆತರೂ ಹೀಗೇ ಆಗೋದು, ಅದಕ್ಕೆ ಮೆಷಿನ್ ಬೇಕಿತ್ತಾ' ಅಂದಳು. ಉಜ್ಜಿದ ಮೇಲೆ ಅದೂ ಸರಿಹೋಯಿತು.

ಇನ್ನು ನನ್ನ ಪೆದ್ದತನ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಜೂನ್ ಕೊನೆಗೆ 36 ಕೂಡ ಮುಗಿದಿದ್ದವು. ಮಳೆ ಹಿಡಿದಿತ್ತು. ಮನೆಯಲ್ಲಿ ಎಲ್ಲಿಟ್ಟರೂ ತೇವ. ನಮ್ಮಲ್ಲಿ ಒಂದು ಹನಿಯೂ ಸೋರದ ಜಾಗ ಅಂದರೆ ಕೊಟ್ಟಿಗೆಯ ಅಟ್ಟ. ಕೆಳಗೆ ದನ ಇರುವುದರಿಂದ ಬೆಚ್ಚಗೂ ಇರುತ್ತೆ. ಬರ್ನರ್‌ಗಳನ್ನು ಪೇಪರಿನಲ್ಲಿ ಸುತ್ತಿ, ಬುಟ್ಟಿಗೆ ತುಂಬಿ ಅಲ್ಲಿಟ್ಟೆ. ಬಲು ಜಾಣ ಅಂದುಕೊಂಡೆ. ಮಳೆಗಾಲದಲ್ಲಿ ದನ ಹೊರಗೆ ಹೋಗುವುದೇ ಕಮ್ಮಿ. ಎರಚಲು ಬಡಿಯಬಾರದು ಅಂತ ಕಿಟಕಿಗೆಲ್ಲ ಗೋಣಿ ಕಟ್ಟಿರುತ್ತೇವೆ. ಗಂಜಲದ ಘಾಟು ಕಣ್ಣಿಗೆ ಹೊಡೆಯುವಷ್ಟು ಇರುತ್ತೆ. ಆ ಘಾಟು ಅಂದರೆ ಅಮೋನಿಯಾ. ಅದು ಮೇಲಕ್ಕೆ, ನೇರ ಅಟ್ಟಕ್ಕೇ ಹೋಗುತ್ತೆ. ಮೂರು ತಿಂಗಳು ನನ್ನ ಬುಟ್ಟಿ ಅದರಲ್ಲಿ ಬೆಂದಿತು.

ಸೆಪ್ಟೆಂಬರ್ ಕೊನೆಗೆ ಇಳಿಸಿದೆ. 11 ಬರ್ನರ್‌ಗಳ ಕಾಲರು ಮೇಲಿಂದ ಕೆಳಗೆ ಉದ್ದಕ್ಕೆ ಸೀಳಿದ್ದವು. ಯಾರೂ ಬೀಳಿಸಿಲ್ಲ, ಯಾರೂ ಒತ್ತಿಲ್ಲ. ಒಂದಂತೂ ಕೈಯಲ್ಲಿ ಹಿಡಿದಾಗಲೇ 'ಟಿಕ್' ಅಂತು.

ನಾನು ಬೈದದ್ದು ಮೆಷಿನ್ನನ್ನು. ಪಿನ್ನು ಹೊಡೆದೂ ಹೊಡೆದೂ ಬಿರುಕು ಬಿಟ್ಟಿದೆ ಅಂತ ಮೇಸ್ತ್ರಿಗೂ ಎರಡು ಮಾತು ಅಂದೆ, ಪಾಪ. ಆಮೇಲೆ ಓದಿದಾಗ ಗೊತ್ತಾಯಿತು, ಇದೇ ಕೆಲಸವನ್ನು ಬ್ರಿಟಿಷ್ ಸೈನ್ಯ ನಮ್ಮ ದೇಶದಲ್ಲೇ ಮಾಡಿತ್ತು! ಮಳೆಗಾಲ ಅಂತ ತೋಟಾಗಳನ್ನು ಕುದುರೆ ಲಾಯದಲ್ಲಿ ಇಟ್ಟರು, ಮಳೆ ನಿಂತ ಮೇಲೆ ನೋಡಿದರೆ ಬಿರುಕು. ಅದಕ್ಕೇ ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅನ್ನುತ್ತಾರೆ. ಕುದುರೆ ಉಚ್ಚೆಯ ಅಮೋನಿಯಾವೇ ಕಾರಣ ಅಂತ ವಿವರಿಸಿದ್ದು 1921ರಲ್ಲಿ. ಒತ್ತಿ ಮಾಡಿದ ಹಿತ್ತಾಳೆಯೊಳಗೆ ಒತ್ತುವಾಗ ಹುಟ್ಟಿದ ಬಿಗಿತ ಹಾಗೇ ಉಳಿದಿರುತ್ತೆ. ತೇವ, ಅಮೋನಿಯಾ ಎರಡೂ ಸೇರಿದರೆ ಲೋಹದ ಕಣಗಳ ಸಂದಿಯಲ್ಲಿ ಕೊರೆಯುತ್ತೆ, ಒಳಗಿನ ಬಿಗಿತವೇ ಅದನ್ನು ಸೀಳುತ್ತೆ. ಕಿಲುಬು ಪದರ ಇದ್ದಾಗ ಇವು ಬಂಗಲೆಯಲ್ಲಿ ಎಷ್ಟೋ ವರ್ಷ ಗಟ್ಟಿಯಾಗಿಯೇ ಇದ್ದವು. ನಾನು ಥಳಥಳ ಹೊಳೆಸಿ ಗಂಜಲದ ಹೊಗೆಗೆ ಹಿಡಿದೆ.

ಹಾಗಾಗಿ ನಿಮ್ಮ ಒಣದೋ ಒದ್ದೆಯದೋ ಪ್ರಶ್ನೆಯೇ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ತೊಳೆದ ಮೇಲೆ ಎಲ್ಲಿ ಒಣಗಿಸುತ್ತೀರಿ, ಎಲ್ಲಿ ಇಡುತ್ತೀರಿ, ಅದನ್ನು ಮೊದಲು ಹೇಳಿ. ನಾನೀಗ ಎರಡು ಸಲ ಒಳ್ಳೆ ನೀರಲ್ಲಿ ಜಾಲಿಸಿ, ಬಿಸಿಲಿದ್ದರೆ ಕಾಫಿ ಕಣದಲ್ಲಿ, ಇಲ್ಲದಿದ್ದರೆ ಬಚ್ಚಲ ಒಲೆ ಪಕ್ಕ ಒಣಗಿಸುತ್ತೇನೆ. ಆಮೇಲೆ ದೇವರ ಮನೆ ಬೀರು. ಕೊಟ್ಟಿಗೆ, ಗೊಬ್ಬರದ ಚೀಲ ಇಟ್ಟ ಕೋಣೆ, ಕೋಳಿ ಗೂಡು, ಯಾವುದೂ ಹತ್ತಿರ ಇರಬಾರದು. ಹೊಳಪು ಬೇಗ ಬರಲಿ ಅಂತ ಅಮೋನಿಯಾ ವಾಸನೆ ಹೊಡೆಯುವ ಪಾಲಿಶನ್ನು ಡ್ರಮ್ಮಿಗೆ ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ, ಅದೂ ಇದೇ ಕಥೆ.

ಮೆಷಿನ್ ಬೇಕೇ ಬೇಕು ಅಂದರೆ, ಜಾಲರಿ ಇರುವ ಬರ್ನರಿಗೆ ಬೆಂಡಿನ ನುಚ್ಚು ಸಾಕು. ನುಣ್ಣಗಿರಲಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಮುಸುಕಿನ ಜೋಳಕ್ಕೇನು ಬರ? ಪಿನ್ನಂತೂ ದುಡ್ಡು ಕೊಟ್ಟು ತರಿಸಬೇಡಿ. ಒಂದು ಸಲ ಪರೀಕ್ಷೆ ಮಾಡಿ ನೋಡಬೇಕು ಅನ್ನಿಸಿದರೆ ಹೇಳಿ, ನನ್ನ ಹತ್ತಿರ ಎರಡು ಕೆಜಿ ಸುಮ್ನೆ ಬಿದ್ದಿದೆ.